ಆಟಕ್ಕುಂಟು, ಲೆಕ್ಕಕ್ಕಿಲ್ಲವೇ?

ನೆದರ್ಲೆಂಡ್ಸ್‌ನಲ್ಲಿ ನೌಕರಿ ಬಿಟ್ಟು ಸ್ವಂತ ವ್ಯವಹಾರಕ್ಕೆ ಇಳಿದವರ ಕಿವಿಗೆ, ವಾಣಿಜ್ಯ ಮಂಡಳಿಯಲ್ಲಿ ನೋಂದಣಿ ಮುಗಿಯುವ ಮೊದಲೇ ಒಂದು ಉಪದೇಶ ಬಿದ್ದಿರುತ್ತದೆ. ಹೇಳುವವರು ಬುಕ್‌ಕೀಪರ್ ಇರಬಹುದು, ಆಮ್ಸ್ಟೆಲ್‌ವೇನ್‌ನಲ್ಲಿ ಬಹಳ ವರ್ಷದಿಂದ ನೆಲೆಸಿದ ಬೆಂಗಳೂರಿನ ಸ್ನೇಹಿತರಿರಬಹುದು, ಬರೀ ಜಾಹೀರಾತೂ ಇರಬಹುದು, ಸಾರ ಒಂದೇ. ತಿಂಗಳಿಗಿಷ್ಟು ಯೂರೋ ಕಟ್ಟಿ ಯಾವುದಾದರೊಂದು ಕ್ಲೌಡ್ ಪ್ಯಾಕೇಜ್ ತಗೊಳ್ಳಿ, ಬ್ಯಾಂಕ್ ಖಾತೆ ಜೋಡಿಸಿ, ಮರೆತುಬಿಡಿ. ಓಪನ್ ಸೋರ್ಸ್ ಗೀಪನ್ ಸೋರ್ಸ್ ಎಲ್ಲ ಕಂಪ್ಯೂಟರ್ ಹುಚ್ಚು ಹಿಡಿದವರಿಗೆ. ನಾಳೆ ತೆರಿಗೆಯವರು ಬಂದು ಕೇಳಿದರೆ ಯಾರು ಜವಾಬು ಕೊಡುತ್ತಾರೆ? ಒಟ್ಟಿನಲ್ಲಿ ಮುಕ್ತ ತಂತ್ರಾಂಶ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಹತ್ತು ಲಕ್ಷಕ್ಕೂ ಮಿಕ್ಕ ಒಂಟಿ ಉದ್ಯಮಿಗಳಿರುವ ದೇಶ ಅದು. ಆಳುಕಾಳಿಲ್ಲದೆ ತಾವೇ ದುಡಿಯುವ ಇವರನ್ನು ಅಲ್ಲಿ ‘ಝಡ್‌ಝಡ್‌ಪಿ’ ಎಂಬ ಮೂರಕ್ಷರದಿಂದ ಕರೆಯುತ್ತಾರೆ. ಗಾರೆ ಕೆಲಸದವರು, ಅನುವಾದಕರು, ದಾದಿಯರು, ಐಂಡ್‌ಹೋವನ್ನಿನ ಕಂಪನಿಗಳಿಗೆ ಗುತ್ತಿಗೆಯ ಮೇಲೆ ಕೋಡ್ ಬರೆಯುವವರು, ಎಲ್ಲರೂ ಇದರಲ್ಲಿದ್ದಾರೆ. ಬಹುತೇಕರು ಆ ಉಪದೇಶವನ್ನು ಪರೀಕ್ಷಿಸದೆ ನುಂಗಿದ್ದಾರೆ. ಪರೀಕ್ಷಿಸಲು ಕೂತರೆ ಅದರಲ್ಲಿ ಅರ್ಧ ತಪ್ಪು ತಿಳಿವಳಿಕೆ, ಇನ್ನರ್ಧ ವ್ಯಾಪಾರ ಎಂಬುದು ಬೇಗನೆ ಗೊತ್ತಾಗುತ್ತದೆ.

ಡಚ್ ತೆರಿಗೆ ಇಲಾಖೆಯಾದ ಬೆಲಾಸ್ಟಿಂಗ್‌ದೀನ್ಸ್ಟ್ ಒಬ್ಬ ಸಣ್ಣ ವ್ಯಾಪಾರಿಯಿಂದ ನಿಜಕ್ಕೂ ಕೇಳುವುದೇನು? ಮುಖ್ಯವಾಗಿ, ಮೂರು ತಿಂಗಳಿಗೊಮ್ಮೆ ವ್ಯಾಟ್ ಲೆಕ್ಕ. ಆ ಫಾರ್ಮಿನಲ್ಲಿ 1ಎ ಎಂಬ ಮನೆಗೆ ಶೇ. 21ರ ದರದ ಮಾರಾಟ, 1ಬಿಗೆ ಶೇ. 9ರ ದರದ್ದು, 3ಬಿಗೆ ಯುರೋಪಿಯನ್ ಒಕ್ಕೂಟದ ಬೇರೆ ದೇಶಗಳಿಗೆ ಮಾರಿದ್ದು, 4ಬಿಗೆ ಅಲ್ಲಿಂದ ಕೊಂಡದ್ದು, 5ಬಿಗೆ ತಾವು ಈಗಾಗಲೇ ತೆತ್ತ ತೆರಿಗೆ. ಪೈಸೆ ಬೇಡ, ಪೂರ್ತಿ ಯೂರೋಗಳಲ್ಲಿ ತುಂಬಿದರೆ ಸಾಕು. ಗುತ್ತಿಗೆ ಎಂಜಿನಿಯರೊಬ್ಬರಿಗೆ ಇವುಗಳಲ್ಲಿ ಎರಡೋ ಮೂರೋ ಮನೆ ತುಂಬಿದರೆ ಹೆಚ್ಚು. ಇಲಾಖೆಯದೇ ಜಾಲತಾಣಕ್ಕೆ ಹೋಗಿ ಅಂಕಿ ಟೈಪ್ ಮಾಡಿದರೆ ಕೆಲಸ ಮುಗಿಯಿತು. ಆ ಅಂಕಿ ಯಾವ ತಂತ್ರಾಂಶದಿಂದ ಬಂತು ಎಂದು ಫಾರ್ಮು ಕೇಳುವುದಿಲ್ಲ. ವರ್ಷದ ವಹಿವಾಟು 20,000 ಯೂರೋ ದಾಟದವರಿಗೆ 2020ರಿಂದ ಜಾರಿಯಲ್ಲಿರುವ ಸಣ್ಣ ಉದ್ಯಮಿಗಳ ವಿನಾಯಿತಿಯಿದೆ. ಅದನ್ನು ಆರಿಸಿಕೊಂಡರೆ ಈ ಫಾರ್ಮಿನ ಗೊಡವೆಯೂ ಬಹುಮಟ್ಟಿಗೆ ಇಲ್ಲ.

‘ಇಲಾಖೆ ಒಪ್ಪಿದ ಪ್ಯಾಕೇಜ್’ ಎಂಬ ಮಾತು ಅಲ್ಲಿನ ಸಣ್ಣ ವ್ಯಾಪಾರಿಗಳ ನಡುವೆ ಧಾರಾಳವಾಗಿ ಓಡಾಡುತ್ತದೆ. ಅಂಥದ್ದೊಂದು ಇಲ್ಲವೇ ಇಲ್ಲ. ಪೋರ್ಚುಗಲ್‌ನಲ್ಲಿ ಬಿಲ್ ಬರೆಯುವ ತಂತ್ರಾಂಶಕ್ಕೆ ತೆರಿಗೆ ಇಲಾಖೆಯ ಮುದ್ರೆ ಬೇಕು. ಫ್ರಾನ್ಸ್ 2018ರಿಂದ ಕ್ಯಾಶ್ ಕೌಂಟರಿನ ತಂತ್ರಾಂಶಕ್ಕೆ ಕಟ್ಟುಪಾಡು ತಂದಿದೆ. ಲೆಕ್ಕ ಬರೆಯುವ ತಂತ್ರಾಂಶವನ್ನೂ ಅದರೊಳಗೆ ಸೇರಿಸಲು ಹೊರಟು, 2017ರಲ್ಲಿ ಹಿಂದೆ ಸರಿಯಿತು. ನೆದರ್ಲೆಂಡ್ಸ್ ಅಷ್ಟು ದೂರವೂ ಹೋಗಿಲ್ಲ. ಅಲ್ಲಿನ ಸಾಮಾನ್ಯ ತೆರಿಗೆ ಕಾಯ್ದೆಯ 52ನೇ ವಿಧಿ ಹೇಳುವುದು ಇಷ್ಟೇ: ವ್ಯವಹಾರದ ಸ್ಥಿತಿಗತಿ ಯಾವಾಗ ನೋಡಿದರೂ ತಿಳಿಯುವಂತೆ ಲೆಕ್ಕವಿಡಬೇಕು, ಏಳು ವರ್ಷ ಕಾಪಾಡಬೇಕು (ಸ್ಥಿರಾಸ್ತಿಯದಾದರೆ ವ್ಯಾಟ್ ಕಾಯ್ದೆಯಡಿ ಹತ್ತು ವರ್ಷ), ಕೇಳಿದಾಗ ಓದಲು ಬರುವ ರೂಪದಲ್ಲಿ ಒಪ್ಪಿಸಬೇಕು. ಪರಿಶೀಲನೆಗೆ ಬಂದ ಅಧಿಕಾರಿ ಇಷ್ಟಪಡುವುದು ‘ಆಡಿಟ್‌ಫೈಲ್’ ಎಂಬ ಕಡತವನ್ನು. ಅದು ಎಕ್ಸ್‌ಎಂಎಲ್ ರೂಪದ್ದು, ಅದರ ವಿವರಣೆ ಯಾರು ಬೇಕಾದರೂ ಓದುವಂತೆ ಪ್ರಕಟವಾಗಿದೆ. ಖಾತೆಗಳಿಗೆ ಯಾವ ಸಂಕೇತ ಕೊಡಬೇಕೆಂಬುದಕ್ಕೂ ಆರ್‌ಜಿಎಸ್ ಎಂಬ ತೆರೆದ ಮಾನಕವಿದೆ. ಅಂದರೆ ಮುಕ್ತ ತಂತ್ರಾಂಶಕ್ಕೆ ಯುರೋಪಿನಲ್ಲಿ ಇದಕ್ಕಿಂತ ಹದವಾದ ನೆಲ ಹುಡುಕಿದರೂ ಸಿಗುವುದು ಕಷ್ಟ. ಅಲ್ಲೇ ಅದನ್ನು ಅಪಾಯ ಎನ್ನುತ್ತಿದ್ದಾರೆ.

ಇನ್ನು ‘ಯಾರು ಜವಾಬು’ ಎಂಬ ಪ್ರಶ್ನೆ. ಕೇಳಲು ಗಂಭೀರವಾಗಿದೆ. ಚಂದಾ ಕಟ್ಟಿದ ಪ್ಯಾಕೇಜಿನವರು ಜವಾಬು ಕೊಡುತ್ತಾರೆಂಬ ನಂಬಿಕೆ ಅದರ ಬೆನ್ನಿಗಿದೆ. ಅವರ ಕರಾರು ಪತ್ರವನ್ನು ಯಾರೂ ಓದುವುದಿಲ್ಲ, ಅದೇ ಅವರ ಪುಣ್ಯ. ಡಚ್ ಐಟಿ ಉದ್ಯಮದ ಸಂಘಟನೆ ಎನ್‌ಎಲ್‌ಡಿಜಿಟಲ್ ಸಿದ್ಧಪಡಿಸಿ ಹಂಚುವ ಮಾದರಿ ಷರತ್ತುಗಳನ್ನೇ ನೋಡಬಹುದು: ಮಾರಿದವರ ಹೊಣೆಗೆ ಮಿತಿ, ಪರೋಕ್ಷ ನಷ್ಟಕ್ಕೆ ಹೊಣೆಯೇ ಇಲ್ಲ. ತೆರಿಗೆ ಇಲಾಖೆಯ ಮುಂದೆ ನಿಲ್ಲಬೇಕಾದವರು ವ್ಯಾಪಾರಿಯೇ. ಲೆಕ್ಕ ಸರಿಯಿಲ್ಲವೆಂದಾದರೆ ಡಚ್ ಕಾನೂನು ರುಜುವಾತಿನ ಹೊರೆಯನ್ನು ತಿರುವಿಹಾಕುತ್ತದೆ. ಇಲಾಖೆಯ ಅಂದಾಜು ತಪ್ಪೆಂದು ತೋರಿಸುವ ಕೆಲಸ ವ್ಯಾಪಾರಿಯ ಹೆಗಲಿಗೆ ಬೀಳುತ್ತದೆ. ಕಂಪನಿಯ ಸರ್ವರ್ ಕೈಕೊಟ್ಟಿತು ಎಂಬ ಸಮಜಾಯಿಷಿ ಅಲ್ಲಿ ನಡೆಯುವುದು ಅನುಮಾನ. ಅಂದಹಾಗೆ, ಉಪದೇಶ ಕೊಡುವ ‘ಬೂಕ್‌ಹೌಡರ್’ (ಬುಕ್‌ಕೀಪರ್) ಎಂಬ ಬಿರುದಿಗೆ ಅಲ್ಲಿ ಕಾನೂನಿನ ರಕ್ಷಣೆಯಿಲ್ಲ, ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು. ತಂತ್ರಾಂಶಕ್ಕೆ ಇಲ್ಲದ ಮುದ್ರೆಯನ್ನು ಹುಡುಕುವವರು ಈ ಕಡೆ ತಿರುಗಿ ನೋಡುವುದಿಲ್ಲ.

ಏಳು ವರ್ಷ ಎಂಬ ಅವಧಿಯನ್ನು ಸ್ವಲ್ಪ ಕೈಯಲ್ಲಿ ಹಿಡಿದು ನೋಡಬೇಕು. ಡೆಲ್ಫ್ಟ್‌ನಲ್ಲಿ 1984ರಲ್ಲಿ ಹುಟ್ಟಿದ ಎಕ್ಸಾಕ್ಟ್, ಡಚ್ಚರ ಮನೆಮಾತಾದ ಲೆಕ್ಕದ ಕಂಪನಿ. 2015ರಲ್ಲಿ ಅದನ್ನು ಏಪಾಕ್ಸ್ ಎಂಬ ಹೂಡಿಕೆ ಸಂಸ್ಥೆ ಕೊಂಡಿತು, 2019ರಲ್ಲಿ ಅಮೆರಿಕದ ಕೆಕೆಆರ್‌ಗೆ ಮಾರಿತು. ಕ್ಲೌಡ್ ಲೆಕ್ಕದಲ್ಲಿ ಮೊದಲಿಗರಲ್ಲೊಂದಾದ ಟ್ವಿನ್‌ಫೀಲ್ಡ್ 2011ರಲ್ಲಿ ವೋಲ್ಟರ್ಸ್ ಕ್ಲೂವರ್ ಪಾಲಾಯಿತು. ಇದರಲ್ಲಿ ಅಪರಾಧವೇನಿಲ್ಲ, ಕಂಪನಿಗಳು ಇರುವುದೇ ಕೊಳ್ಳುವ ಮಾರುವ ಸಲುವಾಗಿ. ಆದರೆ 2014ರ ಬಿಲ್ಲನ್ನು 2021ರವರೆಗೆ ಕಾಪಾಡಬೇಕಾದ ಬಣ್ಣದ ಅಂಗಡಿಯವನಿಗೆ ಅಷ್ಟರಲ್ಲಿ ಮನೆಯ ಯಜಮಾನ ಎರಡು ಸಲ ಬದಲಾಗಿರಬಹುದು. ಬಾಡಿಗೆ ಏರಿಸಿದಾಗ ಅವನು ಬಿಟ್ಟುಹೋಗುವಂತೆಯೂ ಇಲ್ಲ, ಹಳೆಯ ಲೆಕ್ಕವೆಲ್ಲ ಒಳಗಿದೆ.

ಬಾಗಿಲು ಮುಚ್ಚಿಹೋದ ಉದಾಹರಣೆಗಳಿಗೂ ಬರವಿಲ್ಲ. ಸಣ್ಣ ವ್ಯಾಪಾರಿಗಳಿಗೆಂದೇ ಮಾಡಿದ ಆಫೀಸ್ ಅಕೌಂಟಿಂಗ್ ಅನ್ನು ಮೈಕ್ರೋಸಾಫ್ಟ್ 2009ರಲ್ಲಿ ನಿಲ್ಲಿಸಿತು. ಕೆನಡಾದ ವ್ಯಾಂಕೂವರಿನ ಬೆಂಚ್ ಎಂಬ ಲೆಕ್ಕದ ಕಂಪನಿ ಸಾವಿರಾರು ಸಣ್ಣ ಉದ್ಯಮಗಳ ಪುಸ್ತಕ ಬರೆಯುತ್ತಿತ್ತು; 2024ರ ಡಿಸೆಂಬರ್ 27ರಂದು, ವರ್ಷಾಂತ್ಯದ ಲೆಕ್ಕ ಮುಗಿಸಬೇಕಾದ ವಾರದಲ್ಲೇ, ಸೇವೆ ನಿಂತಿದೆ ಎಂಬ ಸೂಚನೆ ಹಾಕಿ ಕೂತಿತು. ಕೆಲವೇ ದಿನಗಳಲ್ಲಿ ಇನ್ನೊಂದು ಕಂಪನಿ ಅದನ್ನು ಕೊಂಡಿತು ಅನ್ನಿ, ಆದರೆ ಆ ನಡುವಿನ ದಿನಗಳಲ್ಲಿ ಗ್ರಾಹಕರ ಪಾಡು ನಾಯಿಪಾಡು. ಕನ್ನಡದ ಓದುಗರಿಗೆ ಇನ್ನೂ ಹತ್ತಿರದ ಕಥೆ ಕ್ವಿಕ್‌ಬುಕ್ಸ್‌ನದು. ಅದರ ಒಡೆಯ ಇಂಟ್ಯೂಟ್ ಬೆಂಗಳೂರಿನಲ್ಲಿ ದೊಡ್ಡ ಅಭಿವೃದ್ಧಿ ಕೇಂದ್ರ ಇಟ್ಟುಕೊಂಡಿದೆ. ಅದೇ ಇಂಟ್ಯೂಟ್ ಕ್ವಿಕ್‌ಬುಕ್ಸ್ ಅನ್ನು 2023ರಲ್ಲಿ ಭಾರತದ ಮಾರುಕಟ್ಟೆಯಿಂದ ಎತ್ತಿಕೊಂಡಿತು. ಕೋಡ್ ಬರೆಯಲು ಊರು ಬೇಕು, ಆ ಊರಿನ ಅಂಗಡಿಯವರ ಲೆಕ್ಕ ಬೇಡ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ಹಳೆ ಮೈಸೂರಿನಲ್ಲಿ ಊರಿನ ಲೆಕ್ಕವೆಲ್ಲ ಶಾನುಭೋಗರ ಮನೆಯಲ್ಲಿರುತ್ತಿದ್ದ ಕಾಲವೊಂದಿತ್ತು. ಹುಣಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆದ ಅಂಕಿ. ಅಳಿಸಿ ಬರೆಯಲು ಅಡ್ಡಿಯಿಲ್ಲ, ಓದಿ ಹೇಳಲು ಅವರೇ ಬೇಕು. ಒಳ್ಳೆಯ ಶಾನುಭೋಗರೂ ಇದ್ದರು, ಆ ಮಾತು ಬೇರೆ. ರೈತನಿಗೆ ತನ್ನ ಜಮೀನಿನ ಲೆಕ್ಕ ತಿಳಿಯಬೇಕಾದರೆ ಅವರ ಜಗಲಿ ಹತ್ತಬೇಕಿತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಆ ವಂಶಪಾರಂಪರ್ಯವನ್ನು ಕಿತ್ತುಹಾಕಿತು. ಈಗ ತಿಂಗಳ ಚಂದಾದ ಮೇಲೆ ಅದೇ ಜಗಲಿಯನ್ನು ಹತ್ತುವುದನ್ನು ಆಧುನಿಕತೆ ಎನ್ನಲಾಗುತ್ತಿದೆ.

ಮುಚ್ಚಿದ ಲೆಕ್ಕದ ತಂತ್ರಾಂಶ ಸಣ್ಣವರನ್ನು ಎಲ್ಲಿಗೆ ಮುಟ್ಟಿಸಬಲ್ಲದು ಎಂಬುದಕ್ಕೆ ಸಾಕ್ಷಿ ಸಮುದ್ರದಾಚೆಯ ಬ್ರಿಟನ್ನಿನಲ್ಲಿದೆ. ಅಲ್ಲಿನ ಪೋಸ್ಟ್ ಆಫೀಸ್ 1999ರಿಂದ ತನ್ನ ಶಾಖೆಗಳಿಗೆ ಹೊರೈಜನ್ ಎಂಬ ಲೆಕ್ಕದ ವ್ಯವಸ್ಥೆ ತಂದಿತು; ನಡೆಸುತ್ತಿದ್ದದ್ದು ಫುಜಿತ್ಸು. ಈ ಶಾಖೆಗಳನ್ನು ನಡೆಸುವ ಸಬ್‌ಪೋಸ್ಟ್‌ಮಾಸ್ಟರುಗಳು ಬಹುತೇಕ ಹಳ್ಳಿ, ಬಡಾವಣೆಗಳ ಅಂಗಡಿಯವರು, ಅವರಲ್ಲಿ ಭಾರತ ಮೂಲದವರೂ ಹಲವರು. ಸಂಜೆ ಗಲ್ಲಾ ಎಣಿಸಿದರೆ ಪರದೆಯ ಲೆಕ್ಕಕ್ಕಿಂತ ಕಡಿಮೆ. ಕೈಯಿಂದ ತುಂಬಿದರು, ಮನೆ ಅಡವಿಟ್ಟು ತುಂಬಿದರು. ಕೊನೆಗೆ ಕಳ್ಳತನ, ಸುಳ್ಳು ಲೆಕ್ಕದ ಆರೋಪ ಹೊತ್ತು ಕಟಕಟೆ ಏರಿದರು. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು, ಕೆಲವರು ಜೈಲಿಗೆ ಹೋದರು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡಿದೆ ಎಂದು ಮೊದಲೇ ಭಾವಿಸುವ ನಿಯಮ ಅಲ್ಲಿನ ಕಾನೂನಿನಲ್ಲಿತ್ತು. ಅದು ತಪ್ಪೆಂದು ತೋರಿಸಬೇಕಾದವರ ಕೈಯಲ್ಲಿ ಪರದೆಯ ಅಂಕಿ ಬಿಟ್ಟರೆ ಏನೂ ಇರಲಿಲ್ಲ.

ಆಲನ್ ಬೇಟ್ಸ್ ಮುಂದಾಳುತನದಲ್ಲಿ 555 ಮಂದಿ ಕೋರ್ಟಿಗೆ ಹೋದ ಮೇಲೆ, 2019ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಫ್ರೇಸರ್ ಅವರ ತೀರ್ಪು ಬಂತು: ಹೊರೈಜನ್‌ನಲ್ಲಿ ದೋಷಗಳಿದ್ದವು, ಶಾಖೆಯ ಲೆಕ್ಕವನ್ನು ಶಾಖೆಯವರಿಗೆ ತಿಳಿಯದಂತೆ ದೂರದಿಂದ ಬದಲಿಸಲೂ ಸಾಧ್ಯವಿತ್ತು. ಗೊತ್ತಿರುವ ದೋಷಗಳ ಪಟ್ಟಿಯೊಂದು ಒಳಗೊಳಗೇ ಇತ್ತು. 2024ರಲ್ಲಿ ಪಾರ್ಲಿಮೆಂಟ್ ವಿಶೇಷ ಕಾಯ್ದೆ ಮಾಡಿ ಶಿಕ್ಷೆಗಳನ್ನು ಸಾರಾಸಗಟಾಗಿ ರದ್ದು ಮಾಡಬೇಕಾಯಿತು. ಕೋಡ್ ತೆರೆದಿದ್ದರೆ ಇದೆಲ್ಲ ನಡೆಯುತ್ತಲೇ ಇರಲಿಲ್ಲ ಎಂದರೆ ಉತ್ಪ್ರೇಕ್ಷೆ. ತಪ್ಪನ್ನು ಮುಚ್ಚಿಟ್ಟ ಮನುಷ್ಯರಿಲ್ಲದೆ ಆ ಅನ್ಯಾಯ ಇಪ್ಪತ್ತು ವರ್ಷ ಎಳೆಯುತ್ತಿರಲಿಲ್ಲ. ಆದರೆ ಆರೋಪಿಯ ವಕೀಲನಿಗೆ ಒಬ್ಬ ಪ್ರೋಗ್ರಾಮರನನ್ನು ಕೂರಿಸಿ, ಈ ಸಾಲು ಎಲ್ಲಿಂದ ಬಂತು ನೋಡು ಎನ್ನುವ ದಾರಿಯಾದರೂ ಇರುತ್ತಿತ್ತು. ‘ದೊಡ್ಡ ಕಂಪನಿಯ ತಂತ್ರಾಂಶ, ಆದ್ದರಿಂದ ಸುರಕ್ಷಿತ’ ಎಂಬ ವಾದಕ್ಕೆ ಇದಕ್ಕಿಂತ ದೊಡ್ಡ ಕಂಪನಿಯ ಉದಾಹರಣೆ ಬೇಕೆ?

ಲೆಕ್ಕ ತಿದ್ದುವ ಜಾಡಿನ ಮಾತೂ ಇಲ್ಲೇ ಬರುತ್ತದೆ. ಗೋಯೆಂಕಾ ಕುಟುಂಬ 1986ರಲ್ಲಿ ಶುರುಮಾಡಿದ ಬೆಂಗಳೂರಿನ ಟ್ಯಾಲಿಯ ಮೇಲೆ ಅರ್ಧ ಭಾರತದ ಅಂಗಡಿಗಳು ನಿಂತಿವೆ. ನಮ್ಮಲ್ಲಿ ‘ಟ್ಯಾಲಿ ಬರುತ್ತಾ?’ ಎಂಬುದು ಗುಮಾಸ್ತನ ಕೆಲಸಕ್ಕೆ ಹೋದವರನ್ನು ಕೇಳುವ ಮೊದಲ ಪ್ರಶ್ನೆ. ಎಂಟ್ರಿ ತಿದ್ದಿದರೆ, ಅಳಿಸಿದರೆ ಅದರ ಜಾಡು ಉಳಿಯಲೇಬೇಕು ಎಂದು ಭಾರತ ಸರ್ಕಾರ ಕಂಪನಿಗಳಿಗೆ ಕಡ್ಡಾಯ ಮಾಡಿದ್ದು 2023ರ ಏಪ್ರಿಲ್ 1ರಿಂದ. ಅಲ್ಲಿಯವರೆಗೆ ಎಷ್ಟು ಪುಸ್ತಕಗಳು ಮಾರ್ಚ್ 31ರ ರಾತ್ರಿ ರೂಪ ಬದಲಿಸಿದವೋ ಆ ದೇವರೇ ಬಲ್ಲ. ಜಾನ್ ವೀಗ್ಲಿ 2003ರಲ್ಲಿ ಬರೆದ ಲೆಡ್ಜರ್ ಎಂಬ ಮುಕ್ತ ತಂತ್ರಾಂಶ ಮತ್ತು ಅದರ ದಾಯಾದಿಗಳಾದ ಎಚ್‌ಲೆಡ್ಜರ್, ಬೀನ್‌ಕೌಂಟ್‌ಗಳಲ್ಲಿ ಕಿರ್ದಿಯೇ ಒಂದು ಸಾದಾ ಪಠ್ಯ ಕಡತ. ಅದನ್ನು ಗಿಟ್ ಎಂಬ, ಬದಲಾವಣೆ ದಾಖಲಿಸುವ ಸಾಧನಕ್ಕೆ ಹಾಕಿಟ್ಟರೆ ಯಾವ ದಿನ ಯಾವ ಸಾಲು ಬದಲಾಯಿತು ಎಂಬುದು ತಾನಾಗಿ ದಾಖಲಾಗುತ್ತದೆ. ಗಿಟ್ ಇತಿಹಾಸವನ್ನೂ ತಿರುಚಬಹುದು, ನಿಜ. ಆದರೆ ಒಂದು ಪ್ರತಿ ಆಡಿಟರ್ ಬಳಿ ಇದ್ದರೆ ತಿರುಚಿದ ಕೂಡಲೇ ಎರಡೂ ತಾಳೆಯಾಗದೆ ಸಿಕ್ಕಿಬೀಳುತ್ತದೆ.

ಡಚ್ಚರಿಗೆ ಇಂಥ ತೆರೆದ ಲೆಕ್ಕ ಹೊಸ ವಿದ್ಯೆಯೂ ಅಲ್ಲ. ಇಟಲಿಯ ಪಚ್ಯೋಲಿ 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚು ಹಾಕಿಸಿದ ಜೋಡಿ ನಮೂದಿನ ಲೆಕ್ಕವನ್ನು, ಸಿಮೋನ್ ಸ್ಟೆವಿನ್ 1607ರಲ್ಲಿ ಡಚ್ ಭಾಷೆಯಲ್ಲಿ ಬರೆದು ರಾಜಕುಮಾರ ಮೌರಿಟ್ಸ್‌ನ ಖಜಾನೆಗೇ ಕಲಿಸಿದ. ಆ ವಿಧಾನಕ್ಕೆ ಯಾರೂ ಒಡೆಯರಿರಲಿಲ್ಲ, ಈಗಲೂ ಇಲ್ಲ. ನಮ್ಮ ಕಾಲಕ್ಕೆ ಬಂದರೆ, ಪರ್ಲ್ ಭಾಷೆಯ ಬಳಗದಲ್ಲಿ ಹೆಸರಾದ ಯೋಹಾನ್ ವ್ರೋಮನ್ಸ್ ಅವರು ಏಕ್‌ಬುಕ್ ಎಂಬ ಲೆಕ್ಕದ ತಂತ್ರಾಂಶವನ್ನು ಡಚ್ ಸಣ್ಣ ಉದ್ಯಮಕ್ಕೆಂದೇ, ಡಚ್ ವ್ಯಾಟ್ ಸಮೇತ ಬರೆದು ಹಂಚಿದರು. ಡೆಬಿಯನ್ ಲಿನಕ್ಸ್‌ನಲ್ಲಿ ಅದು ಪ್ಯಾಕೇಜ್ ಆಗಿಯೂ ಬಂದಿದೆ. ಒಡೂ ಎಂಬ ಮುಕ್ತ ತಂತ್ರಾಂಶದ ಸಮುದಾಯ ಸಂಘದವರ ನೆದರ್ಲೆಂಡ್ಸ್ ಕೋಡ್ ಭಂಡಾರದಲ್ಲಿ ವ್ಯಾಟ್ ಫಾರ್ಮಿನ ಮನೆಗಳನ್ನು ತುಂಬಿಕೊಡುವ, ಆಡಿಟ್‌ಫೈಲ್ ಹೊರತೆಗೆಯುವ ಮಾಡ್ಯೂಲ್‌ಗಳಿವೆ. ಡಚ್ ಕಂಪನಿಗಳ ಎಂಜಿನಿಯರುಗಳೇ ಬರೆದು ಎಲ್ಲರಿಗೂ ಬಿಟ್ಟುಕೊಟ್ಟವು ಅವು. ಇವನ್ನು ಹುಡುಗಾಟಿಕೆ ಎನ್ನುವವರು ತೆರೆದು ನೋಡಿದವರಲ್ಲ.

ಗ್ನೂಕ್ಯಾಶ್ ಎಂಬ ಮುಕ್ತ ಲೆಕ್ಕದ ತಂತ್ರಾಂಶದ ಮೊದಲ ಆವೃತ್ತಿ ಬಂದದ್ದು 1998ರಲ್ಲಿ. ಅದಕ್ಕೆ ಡಚ್ ಅನುವಾದವಿದೆ, ಕನ್ನಡದ್ದೂ ಇದೆ. ಅಮ್ಮನ ಹೆಸರಿನಲ್ಲಿ ಉಪ್ಪಿನಕಾಯಿ, ಚಟ್ನಿಪುಡಿ ಮಾರುವ ಹೇಗ್ ನಗರದ ಗೃಹಿಣಿಯೊಬ್ಬರು ಕನ್ನಡದ ಪರದೆಯಲ್ಲೇ ಲೆಕ್ಕ ಬರೆದು, ಅದೇ ಕಡತವನ್ನು ಡಚ್ ಪರದೆ ಮಾತ್ರ ಬಲ್ಲ ಬುಕ್‌ಕೀಪರ್‌ಗೆ ಕಳಿಸಬಹುದು. ನಾಳೆ ಗ್ನೂಕ್ಯಾಶ್ ನಿಂತೇ ಹೋಯಿತು ಎಂದುಕೊಳ್ಳಿ. ಆ ಕಡತ ಎಕ್ಸ್‌ಎಂಎಲ್, ಬಿಚ್ಚಿ ಯಾವ ಪಠ್ಯ ಸಂಪಾದಕದಲ್ಲಾದರೂ ಓದಬಹುದು. ಬರೆದವರು ಕೈಬಿಟ್ಟರೆ ಗತಿಯೇನು ಎಂಬ ಹೆದರಿಕೆಗೂ ಉತ್ತರ ಸಿಕ್ಕಿದೆ. ಎಸ್‌ಕ್ಯೂಎಲ್ ಲೆಡ್ಜರ್ ಎಂಬ ತಂತ್ರಾಂಶದ ಭದ್ರತಾ ದೋಷವನ್ನು ನಿಭಾಯಿಸಿದ ರೀತಿ ಸರಿಯಿಲ್ಲವೆಂದು 2006ರಲ್ಲಿ ಅದರ ಬಳಕೆದಾರರೇ ಕೋಡ್ ಎತ್ತಿಕೊಂಡು ಹೊರಬಂದು ಲೆಡ್ಜರ್‌ಎಸ್‌ಎಂಬಿ ಕಟ್ಟಿದರು. ಬೆಂಚ್‌ನ ಗ್ರಾಹಕರಿಗೆ ಅಂಥ ದಾರಿ ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಮುಕ್ತ ತಂತ್ರಾಂಶದ ಭಕ್ತರಿಗೂ ಎರಡು ಮಾತು. ‘ಬಿಟ್ಟಿ’ ಎಂದು ಇದನ್ನು ಮಾರಬೇಡಿ. ಕಲಿಯಲು ಸಮಯ ಬೇಕು, ಬ್ಯಾಕಪ್ ತಾವೇ ಇಡಬೇಕು, ಗೊತ್ತಿರುವವರಿಗೆ ದುಡ್ಡು ಕೊಟ್ಟು ಕೆಲಸ ಮಾಡಿಸಬೇಕಾಗಬಹುದು. ಮುಕ್ತ ಎಂಬ ಹಣೆಪಟ್ಟಿಯೂ ತಾಯಿತವಲ್ಲ. ಬೆಲ್ಜಿಯಂನ ಒಡೂ 2015ರಲ್ಲಿ ಪೂರ್ಣ ಪ್ರಮಾಣದ ಲೆಕ್ಕದ ಭಾಗವನ್ನು ಉಚಿತ ಆವೃತ್ತಿಯಿಂದ ಎತ್ತಿ ಹಣದ ಆವೃತ್ತಿಯೊಳಗೆ ಇಟ್ಟುಬಿಟ್ಟಿತು. ಆ ಖಾಲಿ ಜಾಗವನ್ನು ಸಮುದಾಯ ಸಂಘದವರು ತುಂಬುತ್ತಾ ಬಂದಿದ್ದಾರೆ. ಮುಂಬೈಯ ಫ್ರಾಪೆ ಕಂಪನಿಯ ಇಆರ್‌ಪಿನೆಕ್ಸ್ಟ್ ಮಾತ್ರ ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿಯಲ್ಲೇ ಲೆಕ್ಕದ ಭಾಗವನ್ನೂ ಉಳಿಸಿಕೊಂಡಿದೆ. ಬೆಂಗಳೂರಿನ ಜೆರೋಧಾ ಅದನ್ನು ಬಳಸುತ್ತದೆ, ಅದರಲ್ಲಿ ಹಣವನ್ನೂ ಹೂಡಿದೆ. ಷೇರು ದಲ್ಲಾಳಿ ಕಂಪನಿಗೆ ಸಾಲುವ ವಸ್ತು ಹಾರ್ಲೆಮ್‌ನ ಸೈಕಲ್ ಅಂಗಡಿಗೆ ಸಾಲದು ಎನ್ನುವವರು ಕಾರಣ ಹೇಳಬೇಕು.

ವಿರೋಧಿಗಳ ವಾದದಲ್ಲಿ ನಿಜವಾಗಿ ತೂಕವಿರುವುದು ಒಂದೇ ಕಡೆ: ಬಾಗಿಲುಗಳಲ್ಲಿ. ಯುರೋಪಿನ ಪಾವತಿ ನಿಯಮದ ಪ್ರಕಾರ ಇನ್ನೊಬ್ಬರ ಬ್ಯಾಂಕ್ ಖಾತೆಯ ವಿವರ ತಂದುಕೊಡುವ ಸೇವೆಗೆ ಕೇಂದ್ರ ಬ್ಯಾಂಕಿನ ಅನುಮತಿ ಬೇಕು. ಸ್ವಯಂಸೇವಕರ ಯೋಜನೆಯೊಂದು ಅದನ್ನು ಪಡೆಯುವುದು ಕನಸಿನ ಮಾತು. ಹಾಗಾಗಿ ಗ್ನೂಕ್ಯಾಶ್ ಬಳಸುವವರು ಬ್ಯಾಂಕಿನ ತಾಣದಿಂದ ಸಿಎಎಂಟಿ ಅಥವಾ ಸಿಎಸ್‌ವಿ ಕಡತವನ್ನು ತಾವೇ ಇಳಿಸಿಕೊಳ್ಳಬೇಕು. ತಿಂಗಳಿಗೆ ಹತ್ತು ನಿಮಿಷದ ಈ ಕೆಲಸವನ್ನು ಮಹಾ ಯಾತನೆಯಂತೆ ಬಣ್ಣಿಸುವುದು ಸ್ವಲ್ಪ ಅತಿಯಾಯಿತು. ಸರ್ಕಾರದ ಡಿಜಿಪೋರ್ಟ್ ಎಂಬ ದ್ವಾರದ ಮೂಲಕ ತಂತ್ರಾಂಶದಿಂದಲೇ ನೇರವಾಗಿ ವ್ಯಾಟ್ ಸಲ್ಲಿಸಬೇಕೆಂದರೆ ತೊಡಕು ದೊಡ್ಡದು: ಖಾಸಗಿ ಕಂಪನಿಯಿಂದ ಹಣ ಕೊಟ್ಟು ಡಿಜಿಟಲ್ ಪ್ರಮಾಣಪತ್ರ ಕೊಳ್ಳಬೇಕು. ಬಿವಿ ಎನ್ನಿಸಿಕೊಳ್ಳುವ ಲಿಮಿಟೆಡ್ ಕಂಪನಿಗಳಿಗೆ ಇಲಾಖೆಯ ತಾಣದೊಳಗೆ ಹೋಗಲೂ ಇಹೆರ್ಕೆನಿಂಗ್ ಎಂಬ ಗುರುತಿನ ಕೀಲಿ ಬೇಕು, ಅದನ್ನೂ ಖಾಸಗಿಯವರೇ ಮಾರುತ್ತಾರೆ.

ಇದು ಮುಕ್ತ ತಂತ್ರಾಂಶದ ದೋಷವಲ್ಲ, ರಾಜ್ಯದ ಎಡಬಿಡಂಗಿತನ. ಇದೇ ದೇಶದ ಸಂಸತ್ತು 2002ರ ನವೆಂಬರಿನಲ್ಲಿ, ಸಾರ್ವಜನಿಕ ವಲಯ ತೆರೆದ ಮಾನಕಗಳಿಗೆ ಬರಬೇಕೆಂಬ ಕೇಸ್ ವೆಂಡ್ರಿಕ್ ಅವರ ನಿರ್ಣಯವನ್ನು ಅವಿರೋಧವಾಗಿ ಒಪ್ಪಿತ್ತು. 2007ರಲ್ಲಿ ರಾಜ್ಯ ಸಚಿವ ಫ್ರಾಂಕ್ ಹೇಮ್ಸ್‌ಕೆರ್ಕ್ ಅದಕ್ಕೊಂದು ಕ್ರಿಯಾಯೋಜನೆಯನ್ನೂ ತಂದರು. 2025ರಲ್ಲಿ ಅಮೆರಿಕದ ನಿರ್ಬಂಧದ ಬೆನ್ನಿಗೆ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಮುಖ್ಯ ಅಭಿಯೋಜಕರಿಗೆ ಮೈಕ್ರೋಸಾಫ್ಟ್ ಇಮೇಲ್ ಕೈತಪ್ಪಿತೆಂಬ ವರದಿ ಬಂತು. ನ್ಯಾಯಾಲಯಕ್ಕೆ ಸೇವೆ ನಿಲ್ಲಿಸಿಲ್ಲ ಎಂದು ಕಂಪನಿ ಹೇಳಿತು. ಅದೇ ವರ್ಷ ನ್ಯಾಯಾಲಯ ಜರ್ಮನಿಯ ಓಪನ್‌ಡೆಸ್ಕ್ ಎಂಬ ಮುಕ್ತ ತಂತ್ರಾಂಶಕ್ಕೆ ಹೊರಳಲು ತೀರ್ಮಾನಿಸಿತು, ಡಚ್ ಸಂಸದರೂ ಅಮೆರಿಕದ ಕ್ಲೌಡ್ ಮೇಲಿನ ಅವಲಂಬನೆ ತಗ್ಗಿಸಬೇಕೆಂಬ ನಿರ್ಣಯಗಳನ್ನು ಅಂಗೀಕರಿಸಿದರು. ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ, ಸಚಿವಾಲಯಕ್ಕೆ ಅನ್ವಯವಾಗುವ ಎಚ್ಚರಿಕೆ ಬೀದಿ ಬದಿಯ ಕ್ಷೌರಿಕನ ಲೆಕ್ಕಕ್ಕೆ ಏಕೆ ಅನ್ವಯವಾಗಬಾರದು ಎಂಬ ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ. ಗ್ರಾಹಕರನ್ನು ಕಟ್ಟಿಹಾಕುವ ಕ್ಲೌಡ್ ಕಂಪನಿಗಳ ರೂಢಿ ಯುರೋಪಿಯನ್ ಒಕ್ಕೂಟಕ್ಕೆ ಎಷ್ಟು ಕಂಡಿದೆಯೆಂದರೆ, 2025ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಡೇಟಾ ಕಾಯ್ದೆ, 2027ರ ಜನವರಿಯಿಂದ ಬಿಟ್ಟುಹೋಗುವವರಿಂದ ಶುಲ್ಕ ಕೀಳುವುದನ್ನೇ ನಿಷೇಧಿಸುತ್ತದೆ.

ಮುಂದಿನ ಗಡುವು 2030ರ ಜುಲೈ 1. ಅಂದಿನಿಂದ ಒಕ್ಕೂಟದ ಒಂದು ದೇಶದ ಉದ್ಯಮ ಇನ್ನೊಂದು ದೇಶದ ಉದ್ಯಮಕ್ಕೆ ಕಳಿಸುವ ಬಿಲ್ ಯಂತ್ರ ಓದುವ ಇ-ಇನ್‌ವಾಯ್ಸ್ ಆಗಿರಬೇಕು, ಅದರ ವಿವರ ತೆರಿಗೆ ಇಲಾಖೆಗೂ ಡಿಜಿಟಲ್ ರೂಪದಲ್ಲಿ ಹೋಗಬೇಕು. ಆ ಬಿಲ್ಲಿನ ರೂಪವೂ ತೆರೆದ ಮಾನಕವೇ. ಬರೆಯಲು ಮುಕ್ತ ತಂತ್ರಾಂಶಕ್ಕೆ ಅಡ್ಡಿಯಿಲ್ಲ. ಕಳಿಸುವ ಬಾಗಿಲು ಯಾರದು ಎಂಬುದಷ್ಟೇ ಪ್ರಶ್ನೆ. ಪಕ್ಕದ ಜರ್ಮನಿ ತನ್ನ ಎಲ್ಸ್ಟರ್ ವ್ಯವಸ್ಥೆಯಲ್ಲಿ ತೆರಿಗೆ ಸಲ್ಲಿಸುವ ಪ್ರಮಾಣಪತ್ರವನ್ನು ವ್ಯಾಪಾರಿಗಳಿಗೆ ಉಚಿತವಾಗಿ ಕೊಡುತ್ತದೆ. ಬೆಲಾಸ್ಟಿಂಗ್‌ದೀನ್ಸ್ಟ್ ಅಷ್ಟು ಮಾಡಿದರೆ ಸಾಕು. ಮಾಡದಿದ್ದರೆ, ಕ್ಲೌಡ್ ಪ್ಯಾಕೇಜುಗಳನ್ನು ಮಾರುವವರು ಇಷ್ಟು ವರ್ಷ ಬಾಯಿಮಾತಿನಲ್ಲಿ ಹೇಳುತ್ತಾ ಬಂದದ್ದನ್ನು ಸರ್ಕಾರವೇ ಅವರ ಪರವಾಗಿ ನಿಜ ಮಾಡಿಕೊಟ್ಟಂತಾಗುತ್ತದೆ.